ಎಷ್ಟು ಉಳಿದವು?

ಬೆಳಗಿನ ಬೆಳಕು ಇನ್ನೂ ಕಿಟಕಿಯ ಹೊರಗೇ ನಿಂತಿದೆ, ಒಳಗೆ ಬರಲೋ ಬೇಡವೋ ಎಂಬಂತೆ. ಮೆಲ್ಲಕ್ಕ ಆಗಲೇ ದೇವರಿಗೆ ಕೈಮುಗಿದು ಕುರ್ಚಿಗೆ ಬಂದಿದ್ದಾರೆ. ಹೆಗಲ ಮೇಲೆ ಶಾಲು. ಎದುರಿನ ಕಪ್ಪು ಪರದೆಯಲ್ಲಿ ಇರುವೆ ಸಾಲಿನಂತೆ ಹರಿಯುವ ಬಿಳಿ ಅಕ್ಷರ. ಮೆಲ್ಲಕ್ಕ ಎಂಬುದು, ಯಾವುದಕ್ಕೂ ಅವಸರ ಮಾಡದವರೆಂದು ಜೊತೆಯವರು ಪ್ರೀತಿಯಿಂದ ಇಟ್ಟ ಹೆಸರು. ಇಂದು ಮಾತ್ರ ಅವರ ಕಣ್ಣು ಮತ್ತೆ ಮತ್ತೆ ಫೋನಿನತ್ತ ಹೋಗುತ್ತಿದೆ.

ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನೆಲ್ ಎಂಬುದೊಂದಿದೆ. ಮನೆಯೊಡತಿಯಂತೆ ಎಲ್ಲರಿಗೂ ಜಾಗ ಹಂಚುವುದು ಅದರ ಕೆಲಸ. ನೆನಪಿನ ಜಾಗವೆಲ್ಲ ಪುಟಪುಟಗಳಾಗಿರುತ್ತದೆ. ಅದು ಚೆಲ್ಲಾಪಿಲ್ಲಿಯಾದಾಗ, ಮಲಗಿದವರಿಗೆ ಎಚ್ಚರವಾಗದಂತೆ ಚಾಪೆ ಜರುಗಿಸುವ ಹಾಗೆ, ಕರ್ನೆಲ್ ಪುಟಗಳನ್ನೆತ್ತಿ ಬೇರೆಡೆ ಇಡುತ್ತದೆ. ಕೆಲವು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಅವನ್ನು ಸ್ವಸ್ಥಾನಕ್ಕೆ ಸೇರಿಸಿ, ಎತ್ತುವಾಗ ಯಾರೂ ಮುಟ್ಟದಂತೆ ಹಾಕಿದ ಬೀಗ ತೆಗೆಯಬೇಕು. ಮೆಲ್ಲಕ್ಕನ ಕೆಲಸವಿರುವುದು ಅಲ್ಲೇ.

“ಹೋಗೋ ದಾರೀನ ಎಲ್ಲರೂ ಚೆನ್ನಾಗೇ ಬರೀತಾರೆ. ವಾಪಸ್ ಬರೋ ದಾರೀಲಿ ಯಾರೂ ನಡೆದು ನೋಡಿರಲ್ಲ,” ಎನ್ನುತ್ತಾರೆ ಅವರು.

ಈ ಸಲದ ದೂರು ಬಂದದ್ದು ಆಸ್ಪತ್ರೆಯೊಂದರ ಎಳೆಗೂಸುಗಳ ವಾರ್ಡಿನಿಂದ. ಉಸಿರು, ಎದೆಬಡಿತ ತೋರಿಸುವ ಪರದೆ ಆಗಾಗ ಹಳೆಯ ಗೆರೆಯನ್ನೇ ಹಿಡಿದು ನಿಂತುಬಿಡುತ್ತಿತ್ತು. “ಮಕ್ಕಳು ಮಲಗಲಿ ಅಂತ ತಟ್ಟಿದ್ರೆ ಪರದೆ ಮಲಗುತ್ತಲ್ಲ ಮೇಡಂ!” ಎಂದು ಹಿರಿಯ ನರ್ಸ್ ಫೋನಿನಲ್ಲಿ ನಕ್ಕಿದ್ದರು. ನಗು ಅರ್ಧಕ್ಕೇ ನಿಂತಿತ್ತು. ಪರದೆಯನ್ನು ನಂಬುವುದು ಬಿಟ್ಟು, ತೀರ ಸಣ್ಣ ಕೂಸುಗಳ ಎದೆಯ ಏರಿಳಿತವನ್ನು ಅವರು ಕಣ್ಣಲ್ಲೇ ಕಾಯುತ್ತಿದ್ದರು.

ಕೋಡನ್ನು ಮನೆಮಾತಿನಲ್ಲಿ ಬಾಯಿಬಿಟ್ಟು ಓದಿಕೊಳ್ಳುವುದು ಮೆಲ್ಲಕ್ಕನ ಅಭ್ಯಾಸ. ಹಿಂದಿನ ವಾರ ಹಾಗೇ ಓದುತ್ತಿದ್ದರು: “ಎಷ್ಟು ಉಳಿದವು? ಮೂರು.”

ಕಾಫಿ ಹಿಡಿದು ಬಂದ ಅಪ್ಪ ಬಾಗಿಲಲ್ಲೇ ಗಕ್ಕನೆ ನಿಂತರು. ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಆಯುಷ್ಯ ಸವೆಸಿದವರು ಅವರು.

“ಅಯ್ಯೋ, ಮೂರೇ ಉಳಿದ್ವಾ? ಮಿಕ್ಕಿದ್ದೆಲ್ಲ ಒಡೆದುಹೋದ್ವಾ?”

“ಒಡೆದಿಲ್ಲಪ್ಪ. ಮೂರು ಹಳೇ ಮನೇಲೇ ಉಳಿದ್ವು, ಅಷ್ಟೇ.”

“ಹಾಗಂತ ಬಿಡಿಸಿ ಹೇಳಬಾರದಾ ತಾಯಿ? ಎದೆ ಧಸಕ್ ಅಂತು ನನಗೆ!”

ಮೆಲ್ಲಕ್ಕನ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಕೋಡಿನಲ್ಲಿ ಪುಟ ಸಾಗಿಸುವ ಭಾಗ ಹೇಳುತ್ತಿದ್ದುದು ಹಿಂದೆ ಉಳಿದವುಗಳ ಲೆಕ್ಕ. ಲೆಕ್ಕ ಕೇಳುವ ಭಾಗ, ಅಪ್ಪನ ಹಾಗೇ, ಅದನ್ನು ಕ್ಷೇಮವಾಗಿ ಉಳಿದವುಗಳ ಲೆಕ್ಕವೆಂದು ತಿಳಿದು, ಎಲ್ಲ ಸುಸೂತ್ರವೆಂದು ಮುಂದೆ ನಡೆದುಬಿಡುತ್ತಿತ್ತು. ಕದಲದ ಪುಟಗಳು ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಬೀಗದೊಳಗೇ ಕೂತಿದ್ದವು. ಅವುಗಳ ದಾರಿ ಕಾಯುತ್ತ ಪರದೆ ಕಲ್ಲಾಗುತ್ತಿತ್ತು.

ತಿದ್ದುಪಡಿ ಒಂದೆರಡು ಸಾಲು: ಉತ್ತರ ಸೊನ್ನೆಯಲ್ಲದಿದ್ದರೆ, ಉಳಿದವನ್ನು ಅವುಗಳ ಮನೆಗೆ ಮುಟ್ಟಿಸಿ ಬೀಗ ತೆಗೆ. ಪರೀಕ್ಷೆಗೆಂದು ಪುಟಗಳಿಗೆ ಬೇಕೆಂದೇ ಹಟ ಹಿಡಿಸಿ, ಪ್ರತಿಯೊಂದೂ ಮನೆ ಸೇರುವುದನ್ನು ಕಂಡ ಮೇಲೆಯೇ, ದೇವರ ಮೇಲೆ ಭಾರ ಹಾಕಿ ಕಳಿಸಿದರು. ನಿನ್ನೆಯಿಂದ ವಾರ್ಡಿನಲ್ಲಿ ಓಡುತ್ತಿರುವುದು ಅದೇ.

ಫೋನು ಗುಣುಗುಟ್ಟುತ್ತದೆ. ನರ್ಸಮ್ಮನ ದನಿ.

“ಒಂದು ಸಲಾನೂ ನಿಲ್ಲಲಿಲ್ಲ ಮೇಡಂ. ಇನ್ನು ನಂಬಲಾ?”

ಮೆಲ್ಲಕ್ಕ ಫೋನನ್ನು ಕಿವಿಗೊತ್ತಿಕೊಳ್ಳುತ್ತಾರೆ. ಆ ಕಡೆ ಯಾವುದೋ ಕೂಸು ಸಣ್ಣಗೆ ಕುಂಯ್‌ಗುಡುತ್ತದೆ.

“ಇವತ್ತೇ ಪೂರ್ತಿ ನಂಬಬೇಡಿ. ಒಂದು ಕಣ್ಣು ಮಗು ಮೇಲಿರಲಿ, ಒಂದು ಕಣ್ಣು ಪರದೆ ಮೇಲಿರಲಿ.”

“ಎರಡೂ ಕಣ್ಣು ಮಗು ಮೇಲೇ ಇಡ್ತೀನಿ. ಪರದೆ ನಿಮಗೆ ಬಿಟ್ಟೆ.”

“ಆಗಲಿ,” ಎನ್ನುತ್ತಾರೆ ಮೆಲ್ಲಕ್ಕ, “ಅದನ್ನ ನಾನು ನೋಡ್ಕೋತೀನಿ.”