ಮೋಸ್ಟ್ಲಿ ಸಿಗ್ತೈತೆ

ಹಳೇಬೀಡಲ್ಲಿ ನನ್ನ ಬಾಡಿಗೆ ಕಾರು ಹತ್ತಿದ ಮೇಡಂ ಒಬ್ಬರು, "ನಾಳೆ ಹುಬ್ಬಳ್ಳೀಲಿ ತಂಗಿ ಮದುವೆ. ಅರಸೀಕೆರೇಲಿ ಟ್ರೈನು ಸಿಗುತ್ತಾ?" ಅಂದರು.

"ಮೋಸ್ಟ್ಲಿ ಸಿಗ್ತೈತೆ ಕಣವ್ವ."

"ಅಯ್ಯೋ, ಮೋಸ್ಟ್ಲಿ ಅಂದ್ರೆ? ಡೆಫಿನೆಟ್ ಆಗಿ ಹೇಳ್ರೀ!"

ನಾನು ಹೇಳಲಿಲ್ಲ. ದಾರೀಲಿದ್ದಾಗ 'ಖಂಡಿತ' ಅಂದರೆ ಆ ಕೆಲಸಕ್ಕೆ ಅಡ್ಡಿಯಾಗುತ್ತೆ ಅನ್ನೋದು ನಮ್ಮ ಮನೆಯ ನಂಬಿಕೆ. ಬಾಯಿತಪ್ಪಿ ಅಂದರೂ ಹೆಂಡತಿ ಬಯ್ಯುತ್ತಿದ್ದಳು. ಅವಳು ತೀರಿಕೊಂಡು ವರ್ಷವಾಯಿತು. ಈಗಲೂ ಆ ಮಾತು ಬಾಯಿಗೆ ಬರೋದಿಲ್ಲ. ಗಾಡಿ ಇನ್ನಷ್ಟು ಜೋರಾಗಿ ಓಡಿಸಿದೆ. ಮೇಡಂ ಮುಖ ಊದಿಸಿಕೊಂಡೇ ಕೂತಿದ್ದರು.

ಸ್ಟೇಷನ್ನಲ್ಲಿ ಟ್ರೈನು ಇನ್ನೂ ನಿಂತಿತ್ತು. ಓಡಿ ಹತ್ತಿದ ಮೇಡಂ ಬಾಗಿಲಿಂದಲೇ ನಕ್ಕು ಕೂಗಿದರು: "ಮದುವೆ ಲಾಡು ತಂದ್ಕೊಡ್ತೀನಿ ಯಜಮಾನ್ರೇ, ಹಂಡ್ರೆಡ್ ಪರ್ಸೆಂಟ್!"

ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಲಾಡಿನ ಆಸೆ ಅಲ್ಲೇ ಬಿಟ್ಟೆ.