ಅಳಿಯನ ಹಾಸಿಗೆಯಲ್ಲಿ ಲಾರ್ಡ್ ಸಾಹೇಬರು

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಮೂರೂವರೆ ಗಂಟೆ. ಅಷ್ಟೇ ಹೊತ್ತಿನಲ್ಲಿ ಬಸ್ಸು ಮಂಗಳೂರಿನಿಂದ ಭಟ್ಕಳ ಮುಟ್ಟಿದರೆ ನಾವು ಚಾಲಕನನ್ನು ಹೊಗಳುತ್ತೇವೆ. ಏಪ್ರಿಲ್ ಕೊನೆಯಲ್ಲಿ ನಾನು ಹೀಗೆ ಹಾರಿಹೋದದ್ದು ಎತ್ತರದ ಕಟ್ಟಡ ನೋಡಲಿಕ್ಕಲ್ಲ, ಒಬ್ಬ ಲಾರ್ಡನ್ನು ನೋಡಲಿಕ್ಕೆ.

ಭಟ್ಕಳದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಇತಿಹಾಸ ಪಾಠ ಮಾಡಿದವನು ನಾನು. ಎಷ್ಟೋ ಲಾರ್ಡುಗಳನ್ನು ಕಪ್ಪುಹಲಗೆಯ ಮೇಲೆ ಪಟ್ಟಕ್ಕೇರಿಸಿ, ಗಂಟೆ ಹೊಡೆದ ಕೂಡಲೇ ಒರೆಸಿಹಾಕಿದ್ದೇನೆ. ಉಸಿರಾಡುವ ಲಾರ್ಡನ್ನು ಮಾತ್ರ ಕಂಡಿರಲಿಲ್ಲ. ಆ ಭಾಗ್ಯ ಒದಗಿಸಿದವನು ನನ್ನ ಹಳೆಯ ವಿದ್ಯಾರ್ಥಿ ಇಸ್ಮಾಯಿಲ್. ಭಟ್ಕಳದ ನವಾಯತಿ ಮುಸಲ್ಮಾನರ ಮನೆತನ, ದುಬೈಯ ದೇರಾದಲ್ಲಿ ಅತ್ತರಿನ ಅಂಗಡಿ, ಅಬುಧಾಬಿಯಲ್ಲಿ ಮನೆ. ಅವನ ಮಗಳು ಸುಮಯ್ಯಾ ಎಂಜಿನಿಯರು. ಜೊತೆಯಲ್ಲಿ ಕೆಲಸ ಮಾಡುವ ಇಂಗ್ಲಿಷ್ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಕಲಿಮಾ ಹೇಳಿ, ಇಸ್ಲಾಂ ಸ್ವೀಕರಿಸಿ ಹಾರೂನ್ ಆಗಿ ಎರಡು ವರ್ಷವಾಗಿತ್ತು. ಅವನ ತಂದೆ ಲಾರ್ಡ್ ಎಂಬುದು ಮಾತುಕತೆಯೆಲ್ಲ ಮುಗಿದ ಮೇಲೆ ಹೊರಬಿತ್ತು.

ಇಸ್ಮಾಯಿಲ್ ಫೋನಿನಲ್ಲಿ ಹೇಳಿದ್ದು ಇಷ್ಟು: "ಮಾಸ್ಟ್ರೇ, ಬೀಗ್ರು ಬರುವಾಗ ನೀವು ಬಂದು ಪಕ್ಕದಲ್ಲಿ ಕೂತ್ರೆ ಸಾಕು. ಅವ್ರ ವಂಶಾವಳಿ ಎಲ್ಲ ನಿಮ್ಗೆ ಗೊತ್ತುಂಟಲ್ಲ." ಗೊತ್ತಿದ್ದದ್ದು ಕಾರ್ನ್‌ವಾಲಿಸನ ಕಾಲದ್ದು. ಅದನ್ನು ಹೇಳದೆ ಟಿಕೆಟು ಸ್ವೀಕರಿಸಿದೆ.

ಮೊದಲ ರಾತ್ರಿ ದುಬೈಯ ಅಲ್ ನಹ್ದಾದಲ್ಲಿ ಅಕ್ಕನ ಮಗಳ ಮನೆಯಲ್ಲಿ ಉಳಿದೆ. ಅವಳ ಮಗಳು, ಎಂಟರ ಹುಡುಗಿ, ಲಾರ್ಡಿಗೆ ಕಿರೀಟ ಇರುತ್ತದೆಯೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ನೋಡಿ ಬಂದು ವರದಿ ಮಾಡುವುದಾಗಿ ಮಾತು ಕೊಟ್ಟೆ.

ಮರುದಿನ ಜಾಫಿಲಿಯಾ ನಿಲ್ದಾಣದಿಂದ ಅಬುಧಾಬಿಯ ಬಸ್ಸು ಹಿಡಿದೆ. ಇಪ್ಪತ್ತೈದು ದಿರ್ಹಮ್. ಟಿಕೆಟಿನಲ್ಲಿ ಶೀತವೂ ಸೇರಿತ್ತು. ಒಳಗೆ ಎಸಿ ಅಷ್ಟು ಜೋರು. ಹೊರಗೆ ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಇಳಿದಾಗ ಬಿಸಿಗಾಳಿ ಉರಿಯುವ ಒಲೆಯ ಬಾಯಿಂದ ಬಂದಂತೆ ಮುಖಕ್ಕೆ ಬಡಿಯಿತು. ಇಸ್ಮಾಯಿಲ್ ಕಾರು ತಂದಿದ್ದ. ಮುಖದಲ್ಲಿ ಮದುವೆಯ ಕಳೆ ಇರಲಿಲ್ಲ.

ಕಾರಿನಲ್ಲಿ ಸಂಗತಿ ತಿಳಿಯಿತು. ಭಟ್ಕಳದ ನವಾಯತಿ ಮನೆಗಳಲ್ಲಿ ನಾನು ಕಂಡ ಕ್ರಮವೆಂದರೆ, ಮದುವೆಯ ನಂತರವೂ ಹೆಣ್ಣು ತಾಯಿಯ ಮನೆಯಲ್ಲೇ ಇರುತ್ತಾಳೆ. ಅಳಿಯ ಅಲ್ಲಿಗೆ ಬರುತ್ತಾನೆ. ಅವನಿಗಾಗಿ ಒಂದು ಕೋಣೆಯನ್ನು ಸಿಂಗರಿಸಿಡುತ್ತಾರೆ. ಇಸ್ಮಾಯಿಲನ ಹೆಂಡತಿ ಫಾತಿಮಾ ಆ ಕೋಣೆಯನ್ನು ಸಿದ್ಧಮಾಡಿ ಕೂತಿದ್ದಳು. ಆದರೆ ಲಾರ್ಡಿನ ಹಿರಿಯ ಮಗನಿಗೆ ಮಕ್ಕಳಿಲ್ಲ. ಪದವಿ, ಮನೆ, ಜಮೀನು ಎಲ್ಲ ಮುಂದೆ ಕಿರಿಯವನಾದ ಹಾರೂನನ ಪಾಲಿಗೆ ಬರುವಂತಿತ್ತು. ಆದ್ದರಿಂದ ಮಗನನ್ನೂ ಸೊಸೆಯನ್ನೂ ಇಂಗ್ಲೆಂಡಿಗೆ ಕರೆದೊಯ್ಯಲು ತಂದೆ ಬಂದಿದ್ದರು.

"ಇವಳದ್ದು ಒಂದೇ ಮಾತು," ಎಂದ ಇಸ್ಮಾಯಿಲ್. "ಅಳಿಯ ಈ ಮನೆಗೆ ಬರೂದಿಲ್ಲ ಅಂದ್ರೆ ಖಲಾಸ್, ಮದುವೆಯೇ ಬೇಡ ಅಂತಾಳೆ. ಮಗಳು ಎರಡು ದಿನದಿಂದ ಊಟ ಬಿಟ್ಟಿದ್ದಾಳೆ."

ಲಾರ್ಡ್ ಸಾಹೇಬರು ಮಧ್ಯಾಹ್ನ ಬಂದರು. ಎಪ್ಪತ್ತು ದಾಟಿದ ಎತ್ತರದ ಆಸಾಮಿ. ಕಿರೀಟವಿಲ್ಲ, ಕೋಟಿನ ಮೊಣಕೈಗೆ ತೇಪೆ ಹಾಕಿತ್ತು. ಬಹಳ ವರ್ಷ ಮೇಲ್ಮನೆಯಲ್ಲಿ ಕೂತು ರಾಜಕಾರಣ ಮಾಡಿದವರು, ಜನರ ಮುಂದೆ ಒಂದು ಸಲವೂ ಓಟು ಕೇಳದವರು. ನಮ್ಮ ಮುಖಂಡರು ಯಾವ ತಪಸ್ಸಿನಿಂದಲೂ ಪಡೆಯಲಾಗದ ಈ ವರ ಅವರಿಗೆ ವಂಶದಿಂದಲೇ ಬಂದಿತ್ತು. ಮಂತ್ರಿಯೂ ಆಗಿದ್ದಿರಂತೆ ಎಂದು ಕುತೂಹಲದಿಂದ ಕೇಳಿದೆ. ಚರಂಡಿ ಖಾತೆಯ ಕಿರಿಯ ಮಂತ್ರಿ, ಸರಕಾರ ಬೀಳುವವರೆಗೆ ಎಂದರು. ಬಿದ್ದದ್ದಕ್ಕೆ ಚರಂಡಿ ಕಾರಣವಲ್ಲ ಎಂದೂ ಸೇರಿಸಿದರು.

ನೆಲಕ್ಕೆ ಹಾಸಿದ ದಸ್ತರ್‌ಖಾನಿನ ಸುತ್ತ ಊಟಕ್ಕೆ ಕೂತೆವು. ಲಾರ್ಡ್ ಸಾಹೇಬರು ಕಾಲು ಮಡಚಿದ್ದು ಹಂತಹಂತವಾಗಿ, ಸಂವಿಧಾನ ತಿದ್ದುಪಡಿಯಂತೆ. ಈರುಳ್ಳಿಯಲ್ಲಿ ಬೆಂದ ಭಟ್ಕಳದ ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಂಡರು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಸುಮಯ್ಯಾ ತಟ್ಟೆಯಲ್ಲಿ ಅನ್ನ ಸರಿಸುತ್ತಿದ್ದಳು; ಹಾರೂನ್ ಅವಳ ತಟ್ಟೆಯನ್ನೇ ನೋಡುತ್ತಿದ್ದ.

ಊಟವಾದ ಮೇಲೆ ಇಸ್ಮಾಯಿಲ್ ಧೈರ್ಯ ತಂದುಕೊಂಡು ಬೀಗರಿಗೆ ಆ ಕೋಣೆಯನ್ನು ತೋರಿಸಿದ. ಮಲ್ಲಿಗೆ ಬಣ್ಣದ ಹೊದಿಕೆ, ಜರಿಯ ದಿಂಬು, ಹೊಸ ಬೀರು, ಅತ್ತರಿನ ಕಂಪು. "ದಿಸ್ ರೂಮ್, ಸ್ಪೆಷಲ್," ಎಂದ. ಮುಂದಿನ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅವನಿಗೆ ಫೋನು ಬಂತು; ಹೊರಗೆ ಹೋದ. ಸಾಹೇಬರು ಅತಿಥಿ ಸತ್ಕಾರದ ಈ ಪರಿಗೆ ಮನಸೋತು, ಕೋಟು ಬಿಚ್ಚಿ, ಬಾಗಿಲು ಮುಂದೆ ಮಾಡಿ ಮಲಗಿಬಿಟ್ಟರು.

ಅಳಿಯನಿಗಿಂತ ಮೊದಲು ಆ ಹಾಸಿಗೆಯಲ್ಲಿ ಯಾರೂ ಕೂರಬಾರದೆಂಬುದು ಫಾತಿಮಾಳ ತಾಯಿಯ ಕಾಲದ ಕಟ್ಟಳೆ. ಒಳಗಿನಿಂದ ಗೊರಕೆ ಕೇಳಿದಾಗ ಆಕೆ ಬಾಗಿಲ ಬಳಿ ನಿಂತು ಹಣೆಗೆ ಕೈ ಹಚ್ಚಿದಳು. ಎಬ್ಬಿಸುವುದು ಹೇಗೆ? ಬೀಗರನ್ನು ಎಬ್ಬಿಸುವ ಕ್ರಮವೂ ಇಲ್ಲ, ಲಾರ್ಡನ್ನು ಎಬ್ಬಿಸುವ ಕ್ರಮ ನನ್ನ ಪಠ್ಯದಲ್ಲೂ ಇರಲಿಲ್ಲ. ಹಾರೂನ್ ಎಬ್ಬಿಸಲು ಹೊರಟ. ಸುಮಯ್ಯಾ ತಡೆದಳು. "ಲೆಟ್ ಹಿಮ್ ಸ್ಲೀಪ್," ಎಂದಳು. ಎಲ್ಲರೂ ಹಜಾರದಲ್ಲಿ ಕೂತು ಗೊರಕೆ ಆಲಿಸಿದೆವು.

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆದ ಮೇಲೆ ಸಾಹೇಬರು ಹೊರಬಂದರು. ಹಾರೂನ್ ವಿಷಯ ತಿಳಿಸಿದ. ಅವರ ಮುಖ ಕೆಂಪಗಾಯಿತು. ಫಾತಿಮಾಳ ಕಡೆ ತಿರುಗಿ ಕ್ಷಮೆ ಕೇಳಿದರು. ಆಮೇಲೆ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಅವರೂ ಎರಡನೆಯ ಮಗನಂತೆ. ಮದುವೆಯಾದಾಗ ಸ್ವಂತಕ್ಕೆ ಏನೂ ಇರಲಿಲ್ಲ. ಹೆಂಡತಿಯ ತಂದೆ ಕುದುರೆ ಲಾಯದ ಮೇಲಿನ ಕೋಣೆ ಕೊಟ್ಟಿದ್ದರು. ಅಣ್ಣ ಸತ್ತು ಪದವಿ ಬಂದ ಮೇಲೆ ದೊಡ್ಡ ಮನೆಗೆ ಹೋದರು. ಹೆಂಡತಿ ಸಾಯುವವರೆಗೂ ಲಾಯದ ಕೋಣೆಯನ್ನೇ ನೆನೆಯುತ್ತಿದ್ದಳು.

"ಆ ಮನೆಯಲ್ಲಿ ಈಗ ನಾನೊಬ್ಬನೇ ಮಲಗುತ್ತೇನೆ," ಎಂದರು. "ನಿದ್ದೆ ಬರುವುದಿಲ್ಲ. ಹುಡುಗ ಇಲ್ಲಿ ಇರಲಿ. ಪದವಿ ಬಂದ ದಿನ ಅವರಿಬ್ಬರೇ ಯೋಚಿಸಲಿ."

ಫಾತಿಮಾ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಹೇಳಿದಳು: "ಮಾಸ್ಟ್ರೇ, ಅವ್ರಿಗೆ ಹೇಳಿ. ಹಾಸಿಗೆ ಹಾಳು ಮಾಡಿದ್ದಕ್ಕೆ ದಂಡ ಉಂಟು. ಹೋಟ್ಲಿಗೆ ಹೋಗೂದು ಬೇಡ. ಮದುವೆ ತನಕ ಇಲ್ಲೇ ಇರ್ಬೇಕು. ಹಜಾರದಲ್ಲಿ ಬೇರೆ ಹಾಸಿಗೆ ಹಾಕ್ತೇನೆ."

ನಾನು ತರ್ಜುಮೆ ಮಾಡುವ ಮೊದಲೇ ಸುಮಯ್ಯಾ ಹೇಳಿಬಿಟ್ಟಳು. ಹೇಳಿ, ಅಡುಗೆಮನೆಗೆ ಹೋಗಿ ತನಗೆ ತಾನೇ ಬಿರಿಯಾನಿ ಬಡಿಸಿಕೊಂಡಳು.

ಸಂಜೆ ಇಸ್ಮಾಯಿಲ್ ನನ್ನನ್ನು ಬಸ್ಸಿಗೆ ಬಿಡಲು ಹೊರಟ. ಸಾಹೇಬರ ಪೆಟ್ಟಿಗೆ ಹೋಟೆಲಿನಿಂದ ಇನ್ನೂ ಬಂದಿರಲಿಲ್ಲ. ಕಾರು ತಿರುಗುವಾಗ ಹಿಂದೆ ನೋಡಿದೆ. ಇಂಗ್ಲೆಂಡಿನ ಮೇಲ್ಮನೆಯ ಹಿರಿಯರು ಇಸ್ಮಾಯಿಲನ ಚೌಕಳಿ ಲುಂಗಿ ಉಟ್ಟು ಗೇಟಿನಲ್ಲಿ ನಿಂತಿದ್ದರು. ನನಗೆ ಕೈ ಬೀಸಬೇಕೆಂದು ಒಂದು ಕೈ ಎತ್ತಿದರು. ಅರ್ಧಕ್ಕೆ ನಿಲ್ಲಿಸಿ, ಎರಡೂ ಕೈಯಲ್ಲಿ ಸೊಂಟದ ಗಂಟು ಹಿಡಿದುಕೊಂಡು ತಲೆಯನ್ನಷ್ಟೇ ಬಾಗಿಸಿದರು.