ದರ್ಜಿ ಕೊರೆದ ಹಾಡು

ನಮ್ಮ ಸೋದರತ್ತೆಗೆ ಗಾಳಿ ಸೋರುವುದೆಂದರೆ ಮೈಯೆಲ್ಲ ಉರಿ. ತಾತನ ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತ ಬೆಳೆದವಳು. ಈಗ ತಾವಾಗಿ ನುಡಿಯುವ ಹಳೇ ಪಿಯಾನೋಗಳನ್ನು ರಿಪೇರಿ ಮಾಡುತ್ತಾಳೆ. ಊರಿಗೆಲ್ಲ ಅವಳು ಪಂಕ್ಚರಕ್ಕ. ಹಾಗೆ ಕರೆದರೆ ಸಿಡುಕುತ್ತಾಳೆ, ಆದರೂ ಓಗೊಡುತ್ತಾಳೆ. ನಾನು ಬಸ್ ಕಂಡಕ್ಟರ್. ವಾರವೆಲ್ಲ ನಿಂತು ಸೋತ ಕಾಲಿಗೆ ರಜೆಯಲ್ಲಿ ಪೆಡಲ್ ತುಳಿಯುವ ಕೆಲಸ ಹಚ್ಚುವ ಇಂಥ ಅತ್ತೆ ಯಾರಿಗೂ ಬೇಡ.

ಈ ಸಲ ಕರೆಸಿದ್ದು ಒಬ್ಬ ದರ್ಜಿಯ ಮಗಳು. ಪಿಯಾನೋ ಅವರ ಹೊಲಿಗೆ ಅಂಗಡಿಯಲ್ಲೇ, ಬಟ್ಟೆಯ ಥಾನುಗಳ ನಡುವೆ ನಿಂತಿತ್ತು. ಮುದುಕ ಮಹಡಿಯ ಮೇಲಿದ್ದ.

"ಅಪ್ಪ ತಾವೇ ಒಂದು ಹಾಡು ಮಾಡಿದಾರೆ," ಎಂದು ಅವಳು ಕಾಗದದ ಸುರುಳಿ ಕೊಟ್ಟಳು. "ಬೆಲ್ಟಿಗೆ ತೂತು ಹಾಕೋ ಉಳಿಯಿಂದ ಒಂದೊಂದೇ ಕೊರೆದದ್ದು. ಅಮ್ಮ ತೀರಿಕೊಂಡ ವರ್ಷ. ನಾನಾಗ ತೊಟ್ಟಿಲಲ್ಲಿದ್ದೆ. ಕೊರೆದು ಮುಗಿಸೋಷ್ಟರಲ್ಲಿ ಪಿಯಾನೋ ಕೆಟ್ಟುಹೋಯ್ತು. ಅದು ಹಾಡೋ ಗದ್ದಲವೋ, ಇವತ್ತಿಗೂ ಅವರಿಗೆ ಗೊತ್ತಿಲ್ಲ. ಮೊದಲು ನಾವು ಕೇಳೋಣ. ಚೆನ್ನಾಗಿದ್ರೆ ಮಾತ್ರ ಕರೀತೀನಿ. ಈ ವಯಸ್ಸಲ್ಲಿ ಅವರ ಮನಸ್ಸು ಮುರೀಬಾರದು."

ಅತ್ತೆ ಮುಂದಿನ ಹಲಗೆ ಕಳಚಿದಳು. ಪೆಡಲ್ ತುಳಿದರೆ ಒಳಗಿನ ತಿದಿ ಗಾಳಿ ಹೀರುತ್ತದೆ. ಸುರುಳಿಯ ತೂತು ಹಿತ್ತಾಳೆ ಪಟ್ಟಿಯ ಮೇಲೆ ಬಂದ ಕೂಡಲೇ ಒಂದು ಕೊಳವೆಗೆ ಗಾಳಿ ನುಗ್ಗಿ, ಪುಟ್ಟ ಚೀಲವೊಂದು ಮುದುಡಿ, ಸುತ್ತಿಗೆ ತಂತಿಗೆ ಬಡಿಯುತ್ತದೆ. ಎಲ್ಲಿ ಸೋರಿದರೂ ಆಟ ಮುಗಿಯಿತು. ಇಲ್ಲಿ ಸೋರದ ಜಾಗವೇ ಇರಲಿಲ್ಲ. ರಬ್ಬರ್ ಕೊಳವೆಗಳು ಮುಟ್ಟಿದರೆ ಒಣ ಕಡ್ಡಿಯಂತೆ ಲಟಲಟ ಮುರಿದವು. ಅತ್ತೆಯ ಕಣ್ಣು ಹೊಳೆಯತೊಡಗಿತು. ಕೊಳವೆಗಳನ್ನೆಲ್ಲ ಬದಲಿಸಿದಳು, ತಿದಿಗೆ ಹೊಸ ಬಟ್ಟೆ ಅಂಟಿಸಿದಳು, ಒದ್ದೆ ಕೆನ್ನೆಯನ್ನು ಸಂದುಗೊಂದಿಗೆಲ್ಲ ಒಡ್ಡಿ ತಣ್ಣಗಾಗುತ್ತದೆಯೇ ಎಂದು ನೋಡಿದಳು.

"ತುಳಿಯೇ," ಎಂದಳು.

ತುಳಿದೆ. ಕಾಲಿಗೆ ಭಾರ ಸಿಕ್ಕಿತು! ಗಾಳಿ ಹಿಡಿದಿತ್ತು. ಸುರುಳಿ ತಿರುಗಿತು, ಕೀಲಿಗಳು ತಾವೇ ಕುಸಿದು ಎದ್ದವು, ಅಂಗಡಿಯ ತುಂಬ ಹಾಡು. ಗದ್ದಲವಲ್ಲ, ಅಚ್ಚುಕಟ್ಟಾದ ಹಾಡು. ದರ್ಜಿಯ ಮಗಳು ನನ್ನ ಭುಜ ಹಿಡಿದು ಅಲುಗಾಡಿಸಿಬಿಟ್ಟಳು.

ಅತ್ತೆಯದು ಮಾತ್ರ ಗಂಟು ಮುಖ. ಹಾಡಿನ ಅಡಿಯಲ್ಲಿ ಒಂದು ತಗ್ಗಿನ ಸ್ವರ ಟಕಟಕಟಕ ಎಂದು ಬಡಿದುಕೊಳ್ಳುತ್ತಿತ್ತು. ನಡುವೆ ತಾನಾಗಿ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಶುರು.

"ಸೋರ್ತಿದೆ," ಎಂದಳು. "ಒಂದ್ಸಲ ನಿಲ್ಲುತ್ತೆ, ಒಂದ್ಸಲ ಹೊಡೆಯುತ್ತೆ. ಸೋರಿಕೆ ಬುದ್ಧಿನೇ ಇದು."

ಆ ಸ್ವರದ ಕವಾಟ ಬಿಚ್ಚಿ ಒರೆಸಿದಳು. ಟಕಟಕ. ಚೀಲಕ್ಕೆ ಹೊಸ ಚರ್ಮ ಹಾಕಿದಳು. ಟಕಟಕ. ತಗ್ಗಿನ ಸ್ವರಗಳ ತೂತು ಬರುವ ಸುರುಳಿಯ ಅಂಚನ್ನು ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಂದಿನಿಂದ ಸೋರಿಕೆ ಹುಡುಕಿದವಳಿಗೆ ಸೋರಿಕೆಯೇ ಕಾಣುತ್ತದೆ, ನನಗೆ ನನ್ನ ಕಾಲುನೋವು.

"ಇದೊಂದನ್ನ ಮುಚ್ಚಿಬಿಡ್ತೀನಿ, ಪೀಡೆ," ಎಂದು ಅತ್ತೆ ಕೊಳವೆ ಕಿತ್ತು ಅಲ್ಲಿಗೆ ಬಿರಡೆ ಜಡಿದಳು. ಹಾಡು ಶುದ್ಧವಾಯಿತು. ಆಗ ಮೆಟ್ಟಿಲ ಮೇಲೆ ದಡದಡ ಸದ್ದು. ಮುದುಕ ಬರಿಗಾಲಲ್ಲಿ ಇಳಿದು ಬಂದಿದ್ದ.

"ಅದನ್ನ ಯಾಕಮ್ಮ ನಿಲ್ಲಿಸಿದ್ರಿ?"

"ಕೆಟ್ಟಿತ್ತು ಯಜಮಾನ್ರೇ, ಸೋರ್ತಿತ್ತು."

"ಸೋರಿಕೆ ಅಲ್ಲಮ್ಮ. ನಾನೇ ಕೊರೆದದ್ದು. ಇವಳ ಅಮ್ಮ ಹೊಲಿಗೆ ಮಷಿನ್ ಮುಂದೆ ಕೂತ್ರೆ ಹಾಗೇ ಕೇಳಿಸ್ತಿತ್ತು."

ಯಾರ ಮಾತಿಗೂ ಎದುರಾಡದೆ ಬಿಡದ ಅತ್ತೆ ಬಿರಡೆ ಕಿತ್ತಳು. ಕೊಳವೆಯನ್ನು ಮತ್ತೆ ಸಿಕ್ಕಿಸಿ, ಸುರುಳಿಯನ್ನು ಹಿಂದಕ್ಕೆ ಸುತ್ತಿ, "ಮೊದಲಿಂದ ತುಳಿ," ಎಂದಳು.

ತುಳಿದೆ. ನಡುವೆ ಟಕಟಕ ನಿಂತಿತು. ಮಗಳು ಅಪ್ಪನ ಕಡೆ ತಿರುಗಿ, "ಇಲ್ಲಿ ಯಾಕಪ್ಪ ನಿಲ್ಲುತ್ತೆ?" ಎಂದು ಕೇಳಿದಳು.

"ನೀನು ಅಳ್ತಿದ್ದೆ," ಎಂದ ಮುದುಕ. "ಎತ್ಕೊಳ್ಳೋಕೆ ಎದ್ದಳು."